ಫ್ಲ್ಯಾಟಿಗೆ ರಿಯಾಯಿತಿ, ಮಾಳಿಗೆ ಮನೆಗೆ ಪೂರ್ತಿ ಶುಲ್ಕ!

ದುಡಿಯುವವನು ಪಗಾರದಲ್ಲಿ ಹನಿ ಹನಿ ಉಳಿಸಿ ಒಂದು ಸೂರು ಕೊಳ್ಳಹೊರಟರೆ ಸರಕಾರ ಹೊಸ್ತಿಲಲ್ಲೇ ಕೈಯೊಡ್ಡಿ ನಿಂತಿರುತ್ತದೆ. ತೆರಿಗೆಯೇ ಬೇಡವೆಂಬುದು ನಮ್ಮ ವಾದವಲ್ಲ. ಶಾಲೆಗೆ, ದವಾಖಾನೆಗೆ, ರಸ್ತೆಗೆ ಹಣ ಬೇಕೇ ಬೇಕು. ಆದರೆ ಬೆಂಗಳೂರಿನ ಹೊಸ ಫ್ಲ್ಯಾಟಿಗೆ ಒಂದು ದರ, ಹುನ್ನೂರಿನ ಹಳೆಯ ಮಾಳಿಗೆ ಮನೆಗೆ ಇನ್ನೊಂದು ದರ! ಇದು ಯಾವ ನ್ಯಾಯ?

2020ರಲ್ಲಿ ರಾಜ್ಯ ಸರಕಾರವು 20 ಲಕ್ಷ ರೂಪಾಯಿಯೊಳಗಿನ ಹೊಸ ಫ್ಲ್ಯಾಟಿನ ಮೊದಲ ನೋಂದಣಿಗೆ ಮುದ್ರಾಂಕ ಶುಲ್ಕವನ್ನು ಶೇಕಡಾ 5ರಿಂದ 2ಕ್ಕೆ ಇಳಿಸಿತು. 2021ರಲ್ಲಿ ಶೇಕಡಾ 3ರ ದರವನ್ನು 45 ಲಕ್ಷದ ಫ್ಲ್ಯಾಟಿನವರೆಗೂ ವಿಸ್ತರಿಸಿತು. ನಮ್ಮ ನೇಕಾರ, ನಮ್ಮ ಗಿರಣಿ ಕಾಮಗಾರ, ನಮ್ಮ ಕಿರಾಣಿ ಅಂಗಡಿಯವ ಕೊಳ್ಳುವುದು ಫ್ಲ್ಯಾಟನ್ನಲ್ಲ. ಒಬ್ಬರು ಬಾಳಿ ಬಿಟ್ಟ ಹಳೆಯ ಮನೆಯನ್ನು. ಅವನಿಗೆ ಪೂರ್ತಿ ಶೇಕಡಾ 5.

ಲೆಕ್ಕ ಹಾಕಿ ನೋಡೋಣ. ಹುನ್ನೂರಿನ 10 ಲಕ್ಷದ ಮನೆಗೆ ಮುದ್ರಾಂಕ 50,000. ಅದರ ಮೇಲೆ ಶೇಕಡಾ 10 ಸೆಸ್ಸು 5,000. ಹಳ್ಳಿಯ ಸರ್ಚಾರ್ಜು ಶೇಕಡಾ 3, ಅಂದರೆ 1,500. ಪಟ್ಟಣದಲ್ಲಿ ಈ ಸರ್ಚಾರ್ಜು ಶೇಕಡಾ 2 ಮಾತ್ರ! 2025ರ ಆಗಸ್ಟ್ 31ರಿಂದ ನೋಂದಣಿ ಫೀ ಶೇಕಡಾ 1ರಿಂದ 2ಕ್ಕೆ ಏರಿತು, ಅದು 20,000. ಒಟ್ಟು 76,500 ರೂಪಾಯಿ. ಅದೇ ಬೆಲೆಯ ನಗರದ ಹೊಸ ಫ್ಲ್ಯಾಟಿಗೆ 42,400. ಹಳ್ಳಿಯವನಾಗಿ ಹುಟ್ಟಿದ್ದಕ್ಕೆ 34,100 ರೂಪಾಯಿ ದಂಡವೇ?

ಆದಾಯ ತೆರಿಗೆಯಲ್ಲೂ ಇದೇ ಕಥೆ. ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರು ಒಟ್ಟು 1.5 ಲಕ್ಷದ ಮಿತಿಯೊಳಗೆ ಈ ಶುಲ್ಕವನ್ನು ತೋರಿಸಿ ವಜಾ ಪಡೆಯಬಹುದು. ಆ ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ ನೇಕಾರನಿಗೆ ಏನು ವಜಾ?

ಈ ಭಾರಕ್ಕೆ ಹೆದರಿದ ಬಡವ ಬಾಂಡ್ ಪೇಪರಿನ ಮೇಲೆ ಮನೆ ಕೊಳ್ಳುತ್ತಾನೆ. ಬಂಧುಗಳೇ, ಈ ದಾರಿ ಹಿಡಿಯಬೇಡಿರಿ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟಕ್ಕೆ ನೋಂದಣಿ ಕಡ್ಡಾಯ. ಬರೀ ಕರಾರು, ಮುಖತ್ಯಾರ ಪತ್ರಗಳಿಂದ ಮಾಲಿಕತ್ವ ಬಾರದೆಂದು 2011ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಮಾರಿದವನ ಮಕ್ಕಳು ನಾಳೆ ಬಂದು ‘ಎದ್ದು ನಡೆ’ ಎಂದರೆ ಆ ಕಾಗದ ನಿಮ್ಮನ್ನು ಕಾಯುವುದಿಲ್ಲ. ಪತ್ರದಲ್ಲಿ ಬೆಲೆ ಕಡಿಮೆ ಬರೆಸುವುದೂ ಉಳಿತಾಯವಲ್ಲ, ಅಪರಾಧ. ವ್ಯವಹಾರ ಮುರಿದರೆ ಬರೆದಷ್ಟೇ ಹಣ ಕೇಳಬಲ್ಲಿರಿ, ಉಳಿದದ್ದು ಮುಳುಗಿತು.

ಹಾಗಾದರೆ ಕಾಯದೆ ಕೊಟ್ಟ ದಾರಿಗಳಾವುವು? ಅವು ಕೆಲವೇ, ಅವನ್ನಾದರೂ ಬಿಡಬೇಡಿರಿ. ಮಾರ್ಗಸೂಚಿ ದರ ಗುಟ್ಟಿನದಲ್ಲ. ಕರಾರಿಗೆ ಮುನ್ನವೇ ನೋಡಿಕೊಳ್ಳಿರಿ. ಮಣ್ಣಿನ ಮಾಳಿಗೆಗೂ ಆರ್.ಸಿ.ಸಿ. ಮನೆಗೂ ಒಂದೇ ದರವಲ್ಲ, ಹಳೆಯ ಕಟ್ಟಡಕ್ಕೆ ಸವಕಳಿಯುಂಟು. ಮನೆಯ ವಯಸ್ಸು, ಚಾವಣಿ, ಅಳತೆಗಳನ್ನು ಇದ್ದಂತೆಯೇ ಬರೆಸಿರಿ. ನೂಲು, ಅಂಗಡಿಯ ಸರಕು, ಕಪಾಟು ಮುಂತಾದ ಚರ ವಸ್ತುಗಳನ್ನು ಮನೆಯ ಬೆಲೆಯಲ್ಲಿ ಬೆರೆಸದೆ, ನಿಜವಾದ ಬೆಲೆಗೆ ಬೇರೆ ರಸೀದಿ ಮಾಡಿಸಿರಿ. ಕಬಜಾ ಸಹಿತ ಕರಾರಿಗೆ ಮೊದಲೇ ಮುದ್ರಾಂಕ ಕಟ್ಟಿದ್ದರೆ ಖರೀದಿ ಪತ್ರದಲ್ಲಿ ಅದನ್ನು ವಜಾ ಮಾಡಿಸಿರಿ. ಜಾಗ ಕೊಂಡು ಮನೆಯನ್ನು ನೀವೇ ಕಟ್ಟಿಸಿದರೆ ಶುಲ್ಕ ಜಾಗಕ್ಕಷ್ಟೇ. ತಂದೆ ಮಗನಿಗೆ ಕೊಡುವ ದಾನಪತ್ರಕ್ಕೆ ಶೇಕಡಾವಾರಿ ಇಲ್ಲ, ಗೊತ್ತಾದ ಸಣ್ಣ ಮೊತ್ತ. ಆದರೆ ಮಾರಾಟಕ್ಕೆ ದಾನದ ವೇಷ ಹಾಕಬಾರದು. ಅಧಿಕಾರಿ ಹೇಳಿದ ಬೆಲೆ ಅನ್ಯಾಯವೆನಿಸಿದರೆ ಮುದ್ರಾಂಕ ಕಾಯದೆಯ ಕಲಂ 45-ಎ ಪ್ರಕಾರ ಮೇಲಿನ ನಿರ್ಣಯ ಕೇಳುವ ಹಕ್ಕಿದೆ.

ಇಷ್ಟರಿಂದ ಕೆಲವು ಸಾವಿರ ಉಳಿದೀತು; ಅನ್ಯಾಯ ಉಳಿದೇ ಇರುತ್ತದೆ. ಆದ್ದರಿಂದ ನಮ್ಮ ಬೇಡಿಕೆ ಸ್ಪಷ್ಟ: ಫ್ಲ್ಯಾಟಿಗೆ ಕೊಟ್ಟ ದರವನ್ನು 45 ಲಕ್ಷದವರೆಗಿನ ಪ್ರತಿಯೊಂದು ವಾಸದ ಮನೆಗೂ, ಹಳೆಯದಿರಲಿ ಹೊಸದಿರಲಿ, ಕೊಡಿರಿ. ಹಳ್ಳಿಯ ಹೆಚ್ಚಿನ ಸರ್ಚಾರ್ಜು ತೆಗೆಯಿರಿ. ಏರಿಸಿದ ನೋಂದಣಿ ಫೀ ಇಳಿಸಿರಿ. ನೆರೆಯ ಮಹಾರಾಷ್ಟ್ರ 2021ರಿಂದ ಹೆಣ್ಣುಮಕ್ಕಳ ಹೆಸರಿನ ಮನೆ ಖರೀದಿಗೆ ಶೇಕಡಾ 1 ಬಿಟ್ಟುಕೊಟ್ಟಿದೆ. ಮೀರಜಿನ ತಂಗಿಗೆ ಸಿಕ್ಕಿದ್ದು ಜಮಖಂಡಿಯ ಅಕ್ಕನಿಗೇಕಿಲ್ಲ?

ಮಾರ್ಗಸೂಚಿ ದರ ಪರಿಷ್ಕರಿಸುವ ಮೊದಲು ಸರಕಾರ ಆಕ್ಷೇಪಣೆ ಕರೆಯುತ್ತದೆ. ಆಗ ಜಮೀನಿನ ವ್ಯಾಪಾರಿಗಳು ಹಾಜರಿರುತ್ತಾರೆ, ನಾವು ಮಗ್ಗದ ಮುಂದಿರುತ್ತೇವೆ. ಇನ್ನು ಮುಂದೆ ಹಾಗಾಗಬಾರದು. ಓಣಿ ಓಣಿಯಲ್ಲಿ ಅರ್ಜಿ ಬರೆಯಿರಿ, ಸಹಿ ಕೂಡಿಸಿರಿ. ಗ್ರಾಮಸಭೆಯಲ್ಲಿ ಠರಾವು ಮಾಡಿಸಿರಿ. ಮತ ಕೇಳಲು ಬರುವವರ ಕೈಯಲ್ಲಿ 76,500ರ ಈ ಲೆಕ್ಕವನ್ನಿಟ್ಟು ಉತ್ತರ ಕೇಳಿರಿ.