ನೊಂದವರಿಗೂ ಪಂಚಾಯಿತಿಯ ಬಾಗಿಲು ತೆರೆದಿರಲಿ

2025ರ ಮೇ ತಿಂಗಳಲ್ಲಿ ಹಾನಗಲ್ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಮೆರವಣಿಗೆಯೊಂದು ಹೊರಟಿತು. ಕಾರು, ಬೈಕು, ಕೇಕೆ. ಮೆರೆದವರು ಚುನಾವಣೆ ಗೆದ್ದವರಲ್ಲ. 2024ರ ಜನವರಿಯ ಹಾನಗಲ್ ಸಾಮೂಹಿಕ ಅತ್ಯಾಚಾರ ಪ್ರಕರಣದಲ್ಲಿ ಜಾಮೀನು ಪಡೆದು ಹೊರಬಂದ ಆರೋಪಿಗಳು. ವಿಡಿಯೊ ಎಲ್ಲೆಡೆ ಹರಿದಾಡಿದ ಮೇಲೆ ಪೊಲೀಸರು ಹೊಸ ಪ್ರಕರಣ ದಾಖಲಿಸಿದರು. ಜಾಮೀನು ಕೇಳುವುದು ಯಾವ ಆರೋಪಿಗೂ ಇರುವ ಹಕ್ಕು, ಅದರಲ್ಲಿ ತಕರಾರಿಲ್ಲ. ಆದರೆ ದೂರು ಕೊಟ್ಟ ಹೆಣ್ಣುಮಗಳ ಜತೆ ಸಾರ್ವಜನಿಕವಾಗಿ ನಿಂತವರು ಎಷ್ಟು ಮಂದಿ?

ಕಾನೂನಂತೂ ನಿಂತಿದೆ, ಕಾಗದದ ಮೇಲೆ. ಬಾಗಲಕೋಟೆ ಜಿಲ್ಲೆಯ ಹಲ್ಲೆ ಪ್ರಕರಣವೊಂದರಲ್ಲಿ ಆರೋಪಿಗಳು ಖುಲಾಸೆಯಾದಾಗ ಗಾಯಾಳುವೇ ಮೇಲ್ಮನವಿಗೆ ಹೊರಟರು. ಆ ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿತು. ಇಂಥ ಮೇಲ್ಮನವಿಗೆ ನೊಂದವರು ವಿಶೇಷ ಅನುಮತಿ ಪಡೆಯಬೇಕಿಲ್ಲ ಎಂದು 2018ರ ಅಕ್ಟೋಬರ್‌ನಲ್ಲಿ ನ್ಯಾಯಮೂರ್ತಿ ಮದನ್ ಲೋಕೂರ್ ಅವರಿದ್ದ ಪೀಠ ಬಹುಮತದಿಂದ ತೀರ್ಪಿತ್ತಿತು. ದೇಶಕ್ಕೆಲ್ಲ ಅನ್ವಯಿಸುವ ಈ ಹಕ್ಕು ಗಟ್ಟಿಯಾದದ್ದು ನಮ್ಮ ಉತ್ತರ ಕರ್ನಾಟಕದ ಒಂದು ವ್ಯಾಜ್ಯದಿಂದ.

ಪರಿಹಾರದ ಮಾತಿಗೆ ಬಂದರೆ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ 2009ರ ಡಿಸೆಂಬರ್ 31ರಿಂದ ಜಾರಿಯಲ್ಲಿದ್ದ 357ಎ ಕಲಮು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಮಾಗಿದೆ. ರಾಜ್ಯದಲ್ಲಿ 2011ರ ಸಂತ್ರಸ್ತರ ಪರಿಹಾರ ಯೋಜನೆಯೂ ಇದೆ. ಅಪರಾಧಿ ಯಾರೆಂದು ಪತ್ತೆಯಾಗದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಪ್ರಾಧಿಕಾರ ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕು. ತನಿಖೆ ಎಲ್ಲಿಗೆ ಬಂತೆಂದು ಪೊಲೀಸರು 90 ದಿನದೊಳಗೆ ತಿಳಿಸಬೇಕು. ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ.

ಇಷ್ಟೆಲ್ಲ ಹಂಸಭಾವಿಯ ಒಬ್ಬ ಕೂಲಿ ಹೆಣ್ಣುಮಗಳಿಗೆ ಗೊತ್ತಾಗುವುದು ಹೇಗೆ? ಊರಲ್ಲಿ ಪೊಲೀಸ್ ಠಾಣೆಯಿದೆ. ಆದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುವುದು ಹಿರೇಕೆರೂರಿನಲ್ಲಿ, ಜಿಲ್ಲಾ ಪ್ರಾಧಿಕಾರ ಹಾವೇರಿಯಲ್ಲಿ. ಒಂದು ಅರ್ಜಿಗೆ ಒಂದು ದಿನದ ಪಗಾರ ಹೋಯಿತು. ಅಷ್ಟರಲ್ಲಿ ‘ಯಾಕ ಬೇಕವ್ವಾ ಕೋರ್ಟು ಕಚೇರಿ, ರಾಜಿ ಆಗ್ರಿ’ ಎನ್ನುವ ಹಿರಿಯರು ಮನೆ ಕಟ್ಟೆಗೆ ಬಂದು ಕೂತಿರುತ್ತಾರೆ. ಅವರಿಗೆ ಬಸ್ ಚಾರ್ಜೂ ಬೇಕಿಲ್ಲ.

ಪಂಚಾಯಿತಿ ಕೈಹಾಕಬೇಕಾದದ್ದು ಇಲ್ಲಿ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಸಾಮಾಜಿಕ ನ್ಯಾಯ ಸಮಿತಿ ಇರಬೇಕು. ಪರಿಶಿಷ್ಟರು, ಮಹಿಳೆಯರು, ಮಕ್ಕಳ ಹಿತ ಅದರ ಹೊಣೆ. ಸ್ಥಳೀಯ ಆಡಳಿತ ನೊಂದವರ ಪರ ನಿಲ್ಲುವುದು ಹೊಸತೇನಲ್ಲ: ಅಮೆರಿಕದ ಸಣ್ಣ ಪಟ್ಟಣಗಳ ಆಡಳಿತಗಳೂ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಅಪರಾಧ ಸಂತ್ರಸ್ತರ ಹಕ್ಕುಗಳ ಸಪ್ತಾಹ ಘೋಷಿಸುತ್ತವೆ. ಅಲ್ಲಿ ಈ ಪದ್ಧತಿ ಶುರುವಾದದ್ದು 1981ರಲ್ಲಿ. ನಮಗೆ ಸಪ್ತಾಹ, ಬ್ಯಾನರು ಬೇಡ, ಅವು ಬೇಕಾದಷ್ಟಿವೆ. ಕಚೇರಿಯ ಗೋಡೆಗೆ ಕಾನೂನು ನೆರವಿನ 15100 ಸಂಖ್ಯೆ, ಅರ್ಜಿ ಬರೆದುಕೊಡಲು ಒಬ್ಬರು, ಹಾವೇರಿಗೆ ಹೋಗಿಬರಲು ಖರ್ಚು, ಇಷ್ಟು ಸಾಕು.

ಪಂಚಾಯಿತಿಗೆ ಗೊತ್ತಾದರೆ ಊರಿಗೇ ಗೊತ್ತಾಯಿತು ಎಂಬ ಆತಂಕ ಸುಳ್ಳಲ್ಲ. ಅತ್ಯಾಚಾರ ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದು ಶಿಕ್ಷಾರ್ಹ ಅಪರಾಧವೆಂದು ಸದಸ್ಯರಿಗೆ ಮೊದಲೇ ತಿಳಿಹೇಳಬೇಕು. ಹೆಸರು ಸಭೆಯ ನಡಾವಳಿಗೆ ಬರಕೂಡದು. ಅಂಥ ಪ್ರಕರಣದಲ್ಲಿ ರಾಜಿಗೆ ಕೂರುವ ಸದಸ್ಯರಿಗೆ ಜಿಲ್ಲಾ ಪಂಚಾಯಿತಿ ನೋಟಿಸ್ ಕೊಡಲಿ. ಹಂಸಭಾವಿಯಿಂದಲೇ ಶುರು ಮಾಡಬಹುದು: ಠಾಣೆ ಹತ್ತಿರವಿದೆ, ಪಿಡಿಒ ಇದ್ದಾರೆ, ಬೇಕಾದದ್ದು ಹಾವೇರಿಯಿಂದ ಒಂದು ಸುತ್ತೋಲೆ.