ಭಾರತ್‌ನೆಟ್: ಪೆಟ್ಟಿಗೆ ಯಾರದು, ಬೀಗದ ಕೈ ಯಾರದು?

ಗ್ರಾಮ ಪಂಚಾಯತಿಗಳಿಗೆ ಆಪ್ಟಿಕಲ್ ಫೈಬರ್ ಒದಗಿಸುವ ಯೋಜನೆಗೆ ಕೇಂದ್ರ ಸಂಪುಟ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ನೀಡಿತ್ತು. ಮುಂದೆ ಭಾರತ್‌ನೆಟ್ ಎಂಬ ಹೆಸರು ಪಡೆದ ಆ ಯೋಜನೆಯ ಪರಿಷ್ಕೃತ ರೂಪಕ್ಕೆ 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂ. ಮಂಜೂರಾಯಿತು. ಇಷ್ಟು ಹಣದಲ್ಲಿ ಎಂಥ ಉಪಕರಣ ಕೊಳ್ಳಬೇಕೆಂಬುದು ಕೇವಲ ಇಂಜಿನಿಯರುಗಳ ಚಿಂತೆಯಲ್ಲ. ದಾವಣಗೆರೆ-ಚಿತ್ರದುರ್ಗ ಹೆದ್ದಾರಿಯ ಆನಗೋಡಿನಂಥ ಹೋಬಳಿ ಕೇಂದ್ರಗಳ ಹಿತವೂ ಅದರಲ್ಲಡಗಿದೆ.

ಫೈಬರ್ ಜಾಲದಲ್ಲಿ ದೂರವಾಣಿ ಕೇಂದ್ರದ ಬದಿಗೆ ಓಎಲ್‌ಟಿ, ಗ್ರಾಹಕರ ಬದಿಗೆ ಓಎನ್‌ಟಿ ಎಂಬ ಪೆಟ್ಟಿಗೆಗಳಿರುತ್ತವೆ. ಭಾರತ್‌ನೆಟ್‌ನ ಮೊದಲ ಹಂತದಲ್ಲಿ ಬಳಕೆಯಾದ ಜಿಪಾನ್ ತಂತ್ರಜ್ಞಾನದಲ್ಲಿ ಒಂದೇ ಎಳೆ ಹತ್ತಾರು ಸಂಪರ್ಕಗಳಾಗಿ ಕವಲೊಡೆಯುತ್ತದೆ. ಆದರೆ ರೂಢಿಯಂತೆ ಓಎಲ್‌ಟಿ ಯಂತ್ರವೂ ಅದನ್ನು ನಡೆಸುವ ಸಾಫ್ಟ್‌ವೇರ್ ಕೂಡ ಒಂದೇ ಕಂಪನಿಯವು. ಒಮ್ಮೆ ಕೊಂಡರೆ ಬಿಡಿಭಾಗಕ್ಕೂ ಸುಧಾರಣೆಗೂ ಅದೇ ಬಾಗಿಲು ತಟ್ಟಬೇಕು.

ಈ ಬಂಧನವನ್ನು ಸಡಿಲಿಸುವುದೇ 'ವರ್ಚುವಲೈಸೇಶನ್'. ಬೆಳಕನ್ನು ಕಳುಹಿಸುವ ಸರಳ ಪೆಟ್ಟಿಗೆ ಕೇಂದ್ರದಲ್ಲೇ ಉಳಿಯುತ್ತದೆ; ಅದರ ನಿಯಂತ್ರಣ ಸಾಮಾನ್ಯ ಸರ್ವರ್‌ಗೆ ವರ್ಗವಾಗುತ್ತದೆ. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಒಂದೇ ರೀತಿ ನಿಯಂತ್ರಿಸಲೆಂದೇ 'ವೋಲ್ತಾ' ಎಂಬ ಮುಕ್ತ ತಂತ್ರಾಂಶ ರೂಪುಗೊಂಡಿದೆ. ಜರ್ಮನಿಯ ಡಾಯ್ಚ ಟೆಲಿಕಾಂ 2020ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಈ ಬಗೆಯ ಜಾಲವನ್ನು ಚಾಲನೆಗೊಳಿಸಿತು. ವೋಲ್ತಾ ಅಭಿವೃದ್ಧಿಯಲ್ಲಿ ಪಾಲ್ಗೊಂಡ, ಬೆಂಗಳೂರಿನಲ್ಲೂ ಕಚೇರಿಯುಳ್ಳ ರಾಡಿಸಿಸ್ ಸಂಸ್ಥೆಯ ಖರೀದಿಯನ್ನು ರಿಲಯನ್ಸ್ ಘೋಷಿಸಿದ್ದು 2018ರಲ್ಲಿ. ಅಂದರೆ ಖಾಸಗಿ ವಲಯ ಇದರ ಮಹತ್ವವನ್ನು ಎಂದೋ ಅರಿತಿದೆ.

ಹಾಗೆಂದು ಇದು ಸರ್ವರೋಗ ನಿವಾರಕವಲ್ಲ. ರಸ್ತೆ ಅಗೆತಕ್ಕೆ ತುಂಡಾದ ಕೇಬಲ್ಲನ್ನು ಯಾವ ಸಾಫ್ಟ್‌ವೇರೂ ಬೆಸೆಯದು. ವಿದ್ಯುತ್ ಹೋದಾಗ ಬ್ಯಾಟರಿಯ ಕೆಲಸವನ್ನೂ ಮಾಡದು. ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಸಂಪರ್ಕ ಉಳಿಯಲೆಂದು ಪರಿಷ್ಕೃತ ಯೋಜನೆ ಉಂಗುರಾಕಾರದ ಜಾಲವನ್ನು ಆಯ್ದುಕೊಂಡಿರುವುದು ಸರಿಯಾದ ಹೆಜ್ಜೆ. ಮತ್ತೊಂದು ಅಪಾಯವೂ ಉಂಟು. ನಿಯಂತ್ರಣ ದೂರದ ಸರ್ವರ್‌ನಲ್ಲಿ ಕೇಂದ್ರೀಕೃತವಾದರೆ, ಅಲ್ಲಿನ ಒಂದು ದೋಷ ನೂರಾರು ಊರುಗಳನ್ನು ಏಕಕಾಲಕ್ಕೆ ಬಾಧಿಸಬಹುದು.

ಆದ್ದರಿಂದ ಸರ್ಕಾರ ಟೆಂಡರ್‌ನಲ್ಲೇ ಎರಡು ಷರತ್ತುಗಳನ್ನು ವಿಧಿಸಬೇಕು: ಯಾವ ಕಂಪನಿಯ ಯಂತ್ರವಾದರೂ ಮುಕ್ತ ಮಾನದಂಡಕ್ಕೆ ಹೊಂದಬೇಕು, ನಿಗದಿತ ಅವಧಿಯೊಳಗೆ ದುರಸ್ತಿ ಮಾಡುವ ಸಿಬ್ಬಂದಿ ಜಿಲ್ಲೆಯಲ್ಲೇ ಇರಬೇಕು. ಮೊದಲನೆಯದು ಬೊಕ್ಕಸವನ್ನು ಕಾಯುತ್ತದೆ. ಎರಡನೆಯದಿಲ್ಲದೆ ಪಹಣಿಗೋ ಪಿಂಚಣಿಗೋ ಆನಗೋಡಿನ ಕಚೇರಿಗೆ ಬಂದವರು 'ಸರ್ವರ್ ಇಲ್ಲ' ಎಂಬ ಉತ್ತರ ಕೇಳಿ ಬರಿಗೈಲಿ ಮರಳುವುದು ತಪ್ಪದು.