ಪದಕ ಗೆದ್ದವರ ಕೈನೋವನ್ನೂ ಮಕ್ಕಳಿಗೆ ಹೇಳೋಣ

"ಉಮ್ಮಾ, ಇದು ಬರೀ ಆಟ ಅಲ್ಲ. ಏಷ್ಯನ್ ಗೇಮ್ಸ್‌ನಲ್ಲಿ ಇದಕ್ಕೆ ಚಿನ್ನದ ಪದಕ ಕೊಡ್ತಾರೆ."

ರಾತ್ರಿ ಹನ್ನೊಂದೂವರೆಗೆ ಮೊಬೈಲ್ ಇಟ್ಟು ಮಲಗು ಎಂದು ಗದರಿದಾಗ ಹತ್ತನೇ ತರಗತಿಯ ನನ್ನ ಮಗ ಕೊಟ್ಟ ಉತ್ತರವಿದು. ತಪ್ಪಿಸಿಕೊಳ್ಳಲು ಏನೋ ಹೇಳುತ್ತಿದ್ದಾನೆ ಎಂದುಕೊಂಡೆ. ವಿಚಾರಿಸಿದಾಗ ಗೊತ್ತಾಯಿತು, ಅವನು ಹೇಳಿದ್ದು ನಿಜ.

2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಇ-ಸ್ಪೋರ್ಟ್ಸ್ ಪ್ರದರ್ಶನ ಸ್ಪರ್ಧೆಯಾಗಿತ್ತು. ನಮ್ಮ ದೇಶದ ತೀರ್ಥ್ ಮೆಹ್ತಾ ಕಂಚು ಗೆದ್ದರೂ ಅದು ಪದಕ ಪಟ್ಟಿಗೆ ಸೇರಲಿಲ್ಲ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಕ್ರೀಡಾಕೂಟದಲ್ಲಿ ಮಾತ್ರ ಏಳು ವೀಡಿಯೊ ಆಟಗಳಿಗೆ ಅಧಿಕೃತ ಪದಕವೇ ಸಿಕ್ಕಿತು. ಭಾರತದ ತಂಡವೂ ಹೋಗಿತ್ತು. ಲೀಗ್ ಆಫ್ ಲೆಜೆಂಡ್ಸ್ ಆಟದ ಕ್ವಾರ್ಟರ್ ಫೈನಲ್‌ನಲ್ಲಿ ವಿಯೆಟ್ನಾಂ ಎದುರು ಸೋತು ಬಂತು. 2026ರ ಜಪಾನ್ ಕೂಟಕ್ಕೆ ಸ್ಪರ್ಧೆಗಳ ಸಂಖ್ಯೆ 11ಕ್ಕೇರಿದೆ. ಆದ್ದರಿಂದ "ಅದೆಲ್ಲ ಕ್ರೀಡೆಯೇ ಅಲ್ಲ" ಎಂದು ಇನ್ನು ನಾವು ಗದರುವಂತಿಲ್ಲ. ಗದರಿದರೆ ಮಕ್ಕಳು ನಮ್ಮನ್ನು ಏನೂ ತಿಳಿಯದವರೆಂದು ಬದಿಗೆ ಸರಿಸುತ್ತಾರೆ, ಅಷ್ಟೆ.

ಆದರೆ ಪದಕದ ಸುದ್ದಿ ಮಕ್ಕಳಿಗೆ ತಲುಪಿದೆಯೇ ಹೊರತು ಅದರ ಹಿಂದಿನ ಸುದ್ದಿ ತಲುಪಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಹಾಂಗ್‌ಝೌನಲ್ಲಿ ಲೀಗ್ ಆಫ್ ಲೆಜೆಂಡ್ಸ್‌ನ ಚಿನ್ನ ಗೆದ್ದದ್ದು ದಕ್ಷಿಣ ಕೊರಿಯಾ. ಆ ತಂಡದಲ್ಲಿ ಲೀ ಸಾಂಗ್-ಹ್ಯೊಕ್ ಎಂಬ ಆಟಗಾರನಿದ್ದ. 'ಫೇಕರ್' ಎಂದರೆ ನಿಮ್ಮ ಮನೆಯ ಹುಡುಗರಿಗೆ ಬಹುಶಃ ಗೊತ್ತಾಗುತ್ತದೆ. ಈ ಆಟದಲ್ಲಿ ಜಗತ್ತಿನಲ್ಲೇ ಅತಿ ದೊಡ್ಡ ಹೆಸರು. ಕೂಟಕ್ಕೆ ಎರಡು ತಿಂಗಳಿರುವಾಗ, ಜುಲೈಯಲ್ಲಿ, ಬಲಗೈ ನೋವಿನಿಂದಾಗಿ ಅವನು ಕೆಲವು ವಾರ ಆಟವನ್ನೇ ನಿಲ್ಲಿಸಬೇಕಾಯಿತು. ಆಗ ಅವನಿಗೆ ವಯಸ್ಸು 27. ಗೂಡ್ಸ್ ಲಾರಿಗೆ ಮೂಟೆ ಹೊತ್ತವನಲ್ಲ, ಮೌಸ್ ಹಿಡಿದವನು! ಹಾಂಗ್‌ಝೌಗೆ ಹೋದಾಗ ಜ್ವರ ಹಿಡಿಯಿತು. ಸೆಮಿಫೈನಲ್‌ನಲ್ಲೂ ಫೈನಲ್‌ನಲ್ಲೂ ಆಡಲಿಲ್ಲ. ಅವನ ಜಾಗದಲ್ಲಿ ಇನ್ನೊಬ್ಬ ಆಡಿದ, ತಂಡ ಗೆದ್ದಿತು.

ಇದನ್ನು ಮಗನಿಗೆ ಓದಿ ಹೇಳಿದೆ. "ಜಗತ್ತಿನ ದೊಡ್ಡ ಆಟಗಾರನಿಗೆ ಕೈ ನೋವಾದಾಗ ಆಟ ಬಿಟ್ಟು ಕೂರಿಸಿದರು. ನಿನಗೆ ಕೈ ನೋವಾದರೆ ನಿನ್ನನ್ನು ಕೂರಿಸುವವರು ಯಾರು?" ಎಂದು ಕೇಳಿದೆ. ಅವನು ಮಾತಾಡಲಿಲ್ಲ. ಒಂದೆರಡು ದಿನ ಕಳೆದ ಮೇಲೆ, ಸುಜೂದ್‌ಗೆ ಹೋಗಿ ಅಂಗೈ ಊರಿದಾಗ ಮಣಿಕಟ್ಟು ನೋಯುತ್ತದೆ ಎಂದು ತಾನಾಗಿಯೇ ಹೇಳಿದ. ಎಷ್ಟು ದಿನದಿಂದ ಮುಚ್ಚಿಟ್ಟಿದ್ದನೋ.

ದೇಶದ ತಂಡದ ಆಟಗಾರನಿಗೆ ಕೋಚ್ ಇರುತ್ತಾನೆ, ತಂಡದ ವೇಳಾಪಟ್ಟಿ ಇರುತ್ತದೆ, ಸರಿಯಾದ ಕುರ್ಚಿ ಮೇಜು ಇರುತ್ತದೆ. ನಮ್ಮ ಮಕ್ಕಳು ಆಡುವುದು ಹೊದಿಕೆಯೊಳಗೆ, ದೀಪ ಆರಿಸಿ, ಕತ್ತು ಬಗ್ಗಿಸಿ, ಮೊಬೈಲನ್ನು ಮೂಗಿನ ಹತ್ತಿರ ಹಿಡಿದು. ಪರದೆಯನ್ನೇ ದಿಟ್ಟಿಸಿದಾಗ ಕಣ್ಣು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗಿ ಉರಿಯುತ್ತದೆ. ಹಗಲು ಬಯಲಲ್ಲಿ ಆಡದ ಮಕ್ಕಳಿಗೆ ಸಮೀಪದೃಷ್ಟಿ ದೋಷ ಬರುವ ಸಾಧ್ಯತೆ ಹೆಚ್ಚು. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದೇ ಸಂಸ್ಥೆ ಗೇಮಿಂಗ್ ಚಟವನ್ನು ರೋಗಗಳ ಪಟ್ಟಿಗೂ ಸೇರಿಸಿದೆ. 2022ರಿಂದ ಅದು ಜಾರಿಯಲ್ಲಿದೆ. ಆಡುವವರೆಲ್ಲ ರೋಗಿಗಳೆಂದು ಇದರ ಅರ್ಥವಲ್ಲ. ನಿಲ್ಲಿಸಲು ಆಗದಿರುವುದು, ಊಟ, ಓದು, ಗೆಳೆಯರು ಎಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಣ್ಣಿಗೆ ಕಂಡರೂ ಮುಂದುವರಿಸುವುದು - ಇದು ಸುಮಾರು ಒಂದು ವರ್ಷ ಹೀಗೆಯೇ ಸಾಗಿದರೆ ವೈದ್ಯರ ಬಳಿ ಹೋಗಬೇಕು. ಮನೋವೈದ್ಯರೆಂದರೆ ನಾಚಿಕೆಪಡುವ ಅಭ್ಯಾಸವನ್ನು ನಾವು ಬಿಡಬೇಕು.

ಶುಚಿತ್ವದ ಮಾತನ್ನೂ ಇಲ್ಲಿ ಹೇಳಿಬಿಡುತ್ತೇನೆ. ವುಝೂ ಮಾಡಿ ಕೈ ತೊಳೆಯುವ ಮಕ್ಕಳು ಅದೇ ಮೊಬೈಲನ್ನು ಶೌಚಾಲಯಕ್ಕೂ ಒಯ್ಯುತ್ತಾರೆ, ಬಂದು ಚಿಪ್ಸ್ ತಿನ್ನುತ್ತಾ ಅದನ್ನೇ ಮುಟ್ಟುತ್ತಾರೆ. ಒಬ್ಬನ ಇಯರ್‌ಫೋನ್ ನಾಲ್ವರ ಕಿವಿಗೆ ಹೋಗುತ್ತದೆ.

ಇನ್ನು ಚೀನಾದ ವಿಷಯ. ಹಾಂಗ್‌ಝೌನ ಏಳು ಚಿನ್ನಗಳಲ್ಲಿ ನಾಲ್ಕನ್ನು ಗೆದ್ದದ್ದು ಅದೇ ದೇಶ. ಅದೇ ಚೀನಾದಲ್ಲಿ 2021ರ ಸೆಪ್ಟೆಂಬರಿನಿಂದ 18 ವರ್ಷದೊಳಗಿನವರು ಶುಕ್ರವಾರ, ಶನಿವಾರ, ರವಿವಾರ ಮತ್ತು ರಜಾದಿನಗಳಲ್ಲಿ ಮಾತ್ರ, ಅದೂ ರಾತ್ರಿ 8ರಿಂದ 9ರವರೆಗೆ ಮಾತ್ರ, ಆನ್‌ಲೈನ್ ಆಟ ಆಡಬಹುದು. ಸರಕಾರ ಮನೆಯೊಳಗೆ ಬಂದು ಗಡಿಯಾರ ಹಿಡಿಯುವುದು ನನಗೂ ಇಷ್ಟವಿಲ್ಲ. ಆದರೆ ಪದಕ ಬಾಚಿದ ದೇಶವೇ ತನ್ನ ಮಕ್ಕಳಿಗೆ ಈ ಮಿತಿ ಹಾಕಿದೆ ಎಂಬುದನ್ನು ನಮ್ಮ ಮಕ್ಕಳು ತಿಳಿದಿರಲಿ. ಅಲ್ಲಿ ಆಡಿಸಿದ ಪಬ್‌ಜಿ ಕೂಡ ನಮ್ಮ ಹುಡುಗರು ಆಡುವಂಥದ್ದಲ್ಲ. ಒಬ್ಬರನ್ನೊಬ್ಬರು ಗುಂಡಿಕ್ಕುವುದನ್ನು ತೆಗೆದುಹಾಕಿ, ಗುರಿಗಳಿಗೆ ಹೊಡೆಯುವ ಹಾಗೆ ಬದಲಿಸಿದ್ದರು. "ಈಗಲೇ ರಾತ್ರಿಯಿಡೀ ಆಡದಿದ್ದರೆ ಅವಕಾಶ ತಪ್ಪುತ್ತದೆ" ಎನ್ನುವವರಿಗೆ ಇನ್ನೊಂದು ಸುದ್ದಿ: ಸ್ಟ್ರೀಟ್ ಫೈಟರ್ ಆಟದಲ್ಲಿ ಚಿನ್ನ ಗೆದ್ದ ಕೊರಿಯಾದ ಕಿಮ್ ಗ್ವಾನ್-ವೂಗೆ ಆಗ 44 ವರ್ಷ.

ಹಣ ಕಟ್ಟಿ ಹಣ ಗೆಲ್ಲುವ ಆಟಗಳು ಈ ಲೆಕ್ಕಕ್ಕೇ ಸೇರುವುದಿಲ್ಲ. ಅವು ಜೂಜು, ನಮಗೆ ಮೊದಲಿನಿಂದಲೂ ನಿಷಿದ್ಧ, 2025ರಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನೂ ಅವನ್ನು ನಿಷೇಧಿಸಿದೆ. ಇ-ಸ್ಪೋರ್ಟ್ಸ್ ಎಂಬ ಹೆಸರಿನಲ್ಲಿ ಅದನ್ನು ಒಳತರಲು ಮಕ್ಕಳಿಗೆ ಬಿಡಬಾರದು.

ನನ್ನನ್ನು ಹೆಚ್ಚು ಚಿಂತೆಗೀಡು ಮಾಡುವುದು ರಮಝಾನ್. ತರಾವೀಹ್ ಮುಗಿಸಿ ಬಂದ ಹುಡುಗರು ಸಹರಿಯ ತನಕ ಗುಂಪಾಗಿ ಕೂತು ಆಡುತ್ತಾರೆ, ಸುಬ್‌ಹಿ ಕಳೆದು ಮಲಗಿದರೆ ಅಸರ್ ಹೊತ್ತಿಗೆ ಏಳುತ್ತಾರೆ. ಉಪವಾಸವೆಲ್ಲ ನಿದ್ದೆಯಲ್ಲಿ. "ಬೀದಿ ಸುತ್ತುವುದಿಲ್ಲವಲ್ಲ, ಮನೆಯಲ್ಲೇ ಇದ್ದಾನೆ" ಎಂದು ನಾವು ಸಮಾಧಾನಪಡುತ್ತೇವೆ. ಇಶಾ ನಮಾಝಿನ ನಂತರ ಅನಗತ್ಯ ಮಾತುಕತೆಯಲ್ಲಿ ಹೊತ್ತು ಕಳೆಯುವುದನ್ನು ಪ್ರವಾದಿ ಮುಹಮ್ಮದ್(ಸ)ರು ಇಷ್ಟಪಡುತ್ತಿರಲಿಲ್ಲ ಎಂಬುದನ್ನು ಮದ್ರಸದಲ್ಲಿ ಕಲಿತ ನಾವೇ, ರಾತ್ರಿ ಒಂದು ಗಂಟೆಗೆ ವಾಟ್ಸಾಪ್ ನೋಡುತ್ತಿರುತ್ತೇವೆ. ಮಗ ಅದನ್ನೂ ಎತ್ತಿ ಹೇಳಿದ. ನಾನು ಸೋತೆ.

ನಮ್ಮ ಮನೆಯಲ್ಲಿ ರಾತ್ರಿ ಮೊಬೈಲ್ ಆರಿಸದಿರಲು ಒಂದು ನೆಪವೂ ಇತ್ತು. ಇವರು ಇರುವುದು ದಮ್ಮಾಮ್‌ನಲ್ಲಿ. ಅಲ್ಲಿ ಕೆಲಸ ಮುಗಿಸಿ ಎಂಟೂವರೆಗೆ ಕರೆ ಮಾಡಿದರೆ ಇಲ್ಲಿ ಹನ್ನೊಂದು. ತಂದೆಯ ಕರೆಗಾಗಿ ಎಚ್ಚರವಿರುವ ಮಗ, ಕರೆ ಮುಗಿದ ಮೇಲೂ ಎಚ್ಚರ. ಈಗ ಇವರು ಮಗ್ರಿಬ್ ಮುಗಿದ ಕೂಡಲೇ, ಕೆಲಸದ ನಡುವೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಕರೆ ಮಾಡುತ್ತಾರೆ. ಆಟಕ್ಕೆ ಸಂಜೆ ಒಂದು ಗಂಟೆ, ಕುರ್ಚಿಯಲ್ಲಿ ಕೂತು, ಚಾವಡಿಯಲ್ಲಿ. ಅದಕ್ಕೆ ಮೊದಲು ಅಸರ್ ನಮಾಝ್ ಮುಗಿಸಿ ಮೈದಾನಕ್ಕೆ ಹೋಗಿ ಬರಬೇಕು. ಹತ್ತು ಗಂಟೆಗೆ ಮನೆಯ ಎಲ್ಲ ಮೊಬೈಲ್‌ಗಳೂ ಫ್ರಿಜ್ ಮೇಲೆ ಚಾರ್ಜಿಗೆ. ನನ್ನದೂ.

ಮಣಿಕಟ್ಟಿನ ನೋವು ಕಡಿಮೆಯಾಗಿದೆ. ಒಂದು ಗಂಟೆ ಸಾಲದು ಎಂಬ ಜಗಳ ಮಾತ್ರ ದಿನವೂ ಇದೆ.